ಪ್ರೀಮಿಯರ್ ಪದ್ಮಿನಿ ಕಾರಿಗೆ ಹಾಕಿದ ಹೊಸ ಕಾರ್ಪೆಟ್ ಉಬ್ಬುತ್ತಿರುವ ಬಗ್ಗೆ

ನೀವು ಕೇಳಿದ ಹಾಗೆ, ಒಂದೇ ಮಳೆಗಾಲಕ್ಕೆ ಕಾರಿನ ಫ್ಲೋರಿನ ನಡುವೆ ಉದ್ದಕ್ಕಿರುವ ದಿಬ್ಬದ ಮೇಲೆ ಕಾರ್ಪೆಟ್ ಎದ್ದು, ಮುಗ್ಗಲು ವಾಸನೆ ಬರುತ್ತಿದೆ ಅಂದರೆ ಕೆಳಗೆ ನೀರು ಸೇರುತ್ತಿದೆ. ನನಗೆ ಮೊದಲ ಅನುಮಾನ ಮುಂದಿನ ಗಾಜಿನ ರಬ್ಬರ್ ಮೇಲೆ. ಫ್ಲೋರಿನ ತೂತಿಗೆ ಹಾಕಿರುವ ರಬ್ಬರ್ ಮುಚ್ಚಳ ಬಿದ್ದುಹೋಗಿದ್ದರೂ ಆಗಬಹುದು, ಗಾಡಿ ನೋಡದೆ ಖಚಿತವಾಗಿ ಹೇಳಲಾರೆ.

ಸೀಟು ಬಿಚ್ಚಿ, ಕಾರ್ಪೆಟ್ ಪೂರ್ತಿ ತೆಗೆಯಿರಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಗಾಜಿನ ಮೇಲೆ ಪೈಪಿನಲ್ಲಿ ನೀರು ಬಿಡಲಿ. ಸೋರುವ ಜಾಗ ಸಿಗುತ್ತದೆ. ಅದನ್ನು ಸರಿ ಮಾಡಿ, ತುಕ್ಕು ಉಜ್ಜಿ, ಪ್ರೈಮರ್, ಪೇಂಟ್ ಹೊಡೆಯಿರಿ. ಚಿಕ್ಕಮಗಳೂರಿನ ಜುಲೈನಲ್ಲಿ ಸುಮ್ನೆ ಇದಕ್ಕೆ ಕೈ ಹಾಕಬೇಡಿ, ಏನೂ ಒಣಗುವುದಿಲ್ಲ.

ಕಾರ್ಪೆಟ್ ಬಿಸಿಲಲ್ಲಿ ಹರಡಿ ಮೆತ್ತಗಾದ ಮೇಲೆ ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ. ಸೀಟ್ ಬೋಲ್ಟಿನ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಅಲ್ಲಿ ತೂತು ಮಾಡಲು ಡ್ರಿಲ್ ಬೇಡವೇ ಬೇಡ, ನೂಲು ಸುತ್ತಿಕೊಂಡು ಉದ್ದಕ್ಕೂ ಕಿತ್ತು ಬರುತ್ತದೆ. ಕಾರ್ಪೆಟ್ ಹೊರಗೆ ತಂದು, ಕಾಯಿಸಿದ ಮೊಳೆಯಿಂದ ಚುಚ್ಚಿದರೆ ಅಂಚು ಕರಗಿ ಗಟ್ಟಿಯಾಗುತ್ತದೆ (ಸಿಂಥೆಟಿಕ್ ಆದರೆ ಮಾತ್ರ).

ಕಾರ್ಪೆಟ್ ಅಂಟಿಸಲು ಬಿಳಿ ಫೆವಿಕಾಲ್ ಆಗಲ್ಲ. ಫೆವಿಕಾಲ್ ಎಸ್‌ಆರ್ ಥರದ್ದನ್ನು ಬಾಗಿಲು ತೆರೆದಿಟ್ಟು ಕಾರ್ಪೆಟ್ಟಿನ ಹಿಂಬದಿಗೂ ಫ್ಲೋರಿಗೂ ತೆಳುವಾಗಿ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ. ಮೊದಲು ದಿಬ್ಬದ ತುಂಡು, ಆಮೇಲೆ ಪಕ್ಕದವು.