ಮೈಕ್ ಕೊಳ್ಳುವಾಗ ಕಲಾವಿದರ ಮಾತು ಕೇಳಬೇಕೋ, ಇನ್‌ಫ್ಲುಯೆನ್ಸರ್‌ಗಳ ಮಾತೋ?

ನಾನು ಶಿರಸಿ ಕಡೆಯವ, ತಾಳಮದ್ದಲೆ ಕೂಟಗಳಲ್ಲಿ ಮದ್ದಲೆ ನುಡಿಸುತ್ತೇನೆ. ನಿಮ್ಮ ಪ್ರಶ್ನೆಗೆ ದುಡ್ಡು ಕಳೆದುಕೊಂಡು ಉತ್ತರ ಕಂಡುಕೊಂಡವನು.

ನಾಲ್ಕು ವರ್ಷದ ಹಿಂದೆ ಒಂದು ವಿಡಿಯೋ ನೋಡಿ ಕಂಡೆನ್ಸರ್ ಮೈಕ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವಂಥದ್ದು, ತರಿಸಿದೆ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಹೋಗುವ ಕರೆಂಟು) ಬೇಕು ಅಂತ ಮಿಕ್ಸರನ್ನೂ ತಂದೆ. ವಿಡಿಯೋದವನ ಕೋಣೆಯ ಗೋಡೆಗೆಲ್ಲ ಸದ್ದು ಹೀರುವ ಫೋಮ್ ಅಂಟಿಸಿದ್ದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಮ್ಮ ಕೂಟ ನಡೆಯುವುದು ಮನೆಯ ಜಗುಲಿಯಲ್ಲಿ. ಆಷಾಢದ ಮಳೆ, ಅಂಗಳಕ್ಕೆ ತಗಡಿನ ಮಾಡು. ರೆಕಾರ್ಡಿಂಗ್ ಕೇಳಿದರೆ ಭಾಗವತರ ಪದ್ಯಕ್ಕಿಂತ ತಗಡಿನ ಸದ್ದೇ ಜಾಸ್ತಿ. ಸ್ಪೀಕರಿಗೆ ಕೊಟ್ಟರೆ ಕುಂಯ್ ಅಂತ ಕೂಗು.

ಹಾಗಂತ ಕಲಾವಿದರ ಮಾತೂ ವೇದವಾಕ್ಯ ಅಲ್ಲ. ಗಿಟಾರ್ ವಾದಕ ಲೆಸ್ ಪಾಲ್ ಹೆಸರಿನಲ್ಲಿ ಗಿಬ್ಸನ್ ಕಂಪನಿ ಗಿಟಾರ್ ಬಿಟ್ಟದ್ದು 1952ರಲ್ಲಿ. ಹೆಸರು ತೋರಿಸಿ ವಾದ್ಯ ಮಾರುವುದು ಅಷ್ಟು ಹಳೆಯ ವ್ಯವಹಾರ. ಲೆಸ್ ಪಾಲ್‌ಗಾದರೂ ಅದಕ್ಕೆ ಮೊದಲೇ ಒಳಗೆ ಟೊಳ್ಳಿಲ್ಲದ ಮರದ ಗಿಟಾರನ್ನು ಕೈಯಾರೆ ಕೂಡಿಸಿ ನೋಡಿದ ಅನುಭವವಿತ್ತು, ಅದು ಬೇರೆ ಮಾತು. ಇನ್ನೊಂದು ತೊಂದರೆ, ಪಳಗಿದ ಗಂಟಲಿಗೆ ಯಾವ ಮೈಕ್ ಆದರೂ ನಡೆಯುತ್ತದೆ. ನಮ್ಮ ಭಾಗವತರನ್ನು ಮೈಕ್ ಹೇಗಿದೆ ಅಂತ ಕೇಳಿ, "ಅಡ್ಡಿಲ್ಲೆ" ಅನ್ನುತ್ತಾರೆ. ಎಲ್ಲ ಮೈಕಿಗೂ ಅದೇ ಉತ್ತರ.

ವಿಡಿಯೋದವರಿಂದ ಉಪಯೋಗ ಇಲ್ಲವೇ ಇಲ್ಲ ಅಂತಲ್ಲ. ಯಾವ ವೈರು ಎಲ್ಲಿಗೆ, ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಎಷ್ಟು ಅನ್ನುವುದನ್ನು ಅವರಷ್ಟು ಬಿಡಿಸಿ ಯಾರೂ ಹೇಳುವುದಿಲ್ಲ. ದುಡ್ಡು ಅಥವಾ ಪುಕ್ಕಟೆ ಮಾಲು ಪಡೆದಿದ್ದರೆ ಅದು ಜಾಹೀರಾತು ಅಂತ ಗುರುತು ಹಾಕಬೇಕು ಎಂದು ಜಾಹೀರಾತು ಕ್ಷೇತ್ರದ ಮಂಡಳಿ ಎಎಸ್‌ಸಿಐ 2021ರಲ್ಲೇ ನಿಯಮ ಮಾಡಿದೆ. ಆ ಗುರುತು ಹುಡುಕಿ. ಕಲಾವಿದರ ಪೋಸ್ಟ್‌ನಲ್ಲೂ ಹುಡುಕಿ.

ನನಗೆ ಕೊನೆಗೆ ದಾರಿ ತೋರಿಸಿದ್ದು ಮೈಕ್ ಸೆಟ್ಟಿನವ. ಊರೂರು ಯಕ್ಷಗಾನಕ್ಕೆ ಮೈಕ್ ಕಟ್ಟುವವನು. ಅವನ ಪೆಟ್ಟಿಗೆಯಲ್ಲಿ ಇದ್ದದ್ದು ಜಾಲರಿ ನೆಗ್ಗಿದ ಶೂರ್ ಎಸ್‌ಎಂ58, 1966ರಲ್ಲಿ ಪೇಟೆಗೆ ಬಂದ ಮಾದರಿ. ಡೈನಮಿಕ್ ಮೈಕ್, ಫ್ಯಾಂಟಮ್ ಪವರ್ ಬೇಡ. ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಹಿಂದಿನ ಚಂಡೆಯ ಸದ್ದನ್ನು ಕಡಿಮೆ. ಮೈಕ್ ಮಾರಿದರೆ ಅವನಿಗೆ ಕಮಿಷನ್ ಇಲ್ಲ. ನಡುರಾತ್ರಿ ಕೈಕೊಟ್ಟರೆ ಬೈಸಿಕೊಳ್ಳುವವನು ಮಾತ್ರ ಅವನೇ. ಅಂಥವರನ್ನು ಕೇಳಿ. ಎಸ್‌ಎಂ58ರ ನಕಲಿ ಮಾಲೂ ಬಹಳ ಇದೆ, ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ.

ಆ ಕಂಡೆನ್ಸರ್ ಮೈಕ್ ಈಗ ಅಕ್ಕನ ಮಗಳ ಕೋಣೆಯಲ್ಲಿದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಕೇಳುತ್ತದೆ.