ಬಿಸಿಲು ಹೇರಳವಿದ್ದರೂ ಗೋಧಿಯ ಇಳುವರಿ ಏಕೆ ಕಡಿಮೆ?

ಪ್ರಶ್ನೆ: ಧಾರವಾಡ ಭಾಗದ ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಗೋಧಿ ಬಿತ್ತುತ್ತೇವೆ. ಚಳಿಗಾಲದಲ್ಲಿ ಪಂಜಾಬಿನಲ್ಲಿ ದಿನಗಟ್ಟಲೆ ಮಂಜು ಕವಿದಿರುತ್ತದೆ, ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಆದರೂ ಇಳುವರಿ ಅಲ್ಲಿಯೇ ಹೆಚ್ಚು. ಯೂರಿಯಾ ಹೆಚ್ಚಿಸಿದರೆ ಈ ಬಿಸಿಲಿನ ಪೂರ್ಣ ಲಾಭ ಸಿಕ್ಕೀತೇ?
– ಓದುಗ ರೈತರೊಬ್ಬರು

ಉತ್ತರ: ನಿಮ್ಮ ಹೊಲದಲ್ಲಿ ಕಡಿಮೆ ಬೀಳುತ್ತಿರುವುದು ಬಿಸಿಲಲ್ಲ, ಆ ಬಿಸಿಲನ್ನು ಹಸಿರೆಲೆಗಳು ಹಿಡಿಯುವ ದಿನಗಳು. ಗೋಧಿ ಸೆಕೆಗೆ ಅವಸರಪಡುವ ಬೆಳೆ. ಪಂಜಾಬಿನ ತಂಪಿನಲ್ಲಿ ಸುಮಾರು ಐದು ತಿಂಗಳು ನಿಲ್ಲುವ ಪೈರು ನಮ್ಮಲ್ಲಿ ಮೂರೂವರೆ ತಿಂಗಳಿನಲ್ಲಿಯೇ ಮಾಗುತ್ತದೆ. ಹೀಗಾಗಿ ತೆಂಡೆ (ಬುಡದಿಂದ ಹೊರಡುವ ಮರಿಕವಲು) ಒಡೆಯುವುದಕ್ಕೂ ತೆನೆ ರೂಪುಗೊಳ್ಳುವುದಕ್ಕೂ ಕಾಳು ತುಂಬುವುದಕ್ಕೂ ಸಿಗುವ ಕಾಲ ಮೊಟಕಾಗುತ್ತದೆ. ಕಳೆದುಹೋದ ಆ ದಿನಗಳನ್ನು ಯಾವ ಗೊಬ್ಬರವೂ ಮರಳಿ ತರಲಾರದು.

ಉಷ್ಣತೆಯ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ಗೋಧಿಯ ಎಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ರುಬಿಸ್ಕೋ ಎಂಬ ಕಿಣ್ವದ ನೆರವಿನಿಂದ ಸಕ್ಕರೆಯಾಗಿಸುತ್ತದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಸೆಕೆ ಏರಿದಂತೆ ಆ ಕಿಣ್ವ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚಾಗಿ, ಎಲೆ ಗಳಿಸಿದ ಶಕ್ತಿಯ ಒಂದು ಪಾಲು ಪೋಲಾಗುತ್ತದೆ. ಜೋಳ ಮತ್ತು ಮೆಕ್ಕೆಜೋಳದ ಎಲೆಗಳಲ್ಲಿ ಈ ನಷ್ಟವನ್ನು ತಡೆಯುವ ಏರ್ಪಾಡಿದೆ, ಗೋಧಿಯಲ್ಲಿಲ್ಲ. ನಮ್ಮ ಸೆಕೆಗೆ ಜೋಳ ಹೊಂದಿಕೊಂಡಷ್ಟು ಗೋಧಿ ಹೊಂದಿಕೊಳ್ಳದಿರಲು ಇದೂ ಒಂದು ಕಾರಣ.

ನೀರು ಕಡಿಮೆಯಾದರೆ ಎಲೆಯ ಸೂಕ್ಷ್ಮ ತೂತುಗಳಾದ ಪತ್ರರಂಧ್ರಗಳು ಮುಚ್ಚುತ್ತವೆ. ಆಗ ಇಂಗಾಲದ ಡೈಆಕ್ಸೈಡ್ ಒಳಬರುವುದಿಲ್ಲ, ಆವಿಯಾಗುವ ನೀರಿನಿಂದ ಸಿಗುತ್ತಿದ್ದ ತಂಪೂ ತಪ್ಪಿ ಎಲೆ ಇನ್ನಷ್ಟು ಕಾಯುತ್ತದೆ. ನೀರಾವರಿ ಇದ್ದರೆ ಬಿತ್ತಿದ 20-25 ದಿನಗಳಿಗೆ, ಹೊಸ ಬೇರುಗಳೂ ತೆಂಡೆಗಳೂ ಹೊರಡುವ ಹೊತ್ತಿನ ನೀರನ್ನು ಮಾತ್ರ ಖಂಡಿತ ತಪ್ಪಿಸಬೇಡಿ. ಹೂವಾಡುವಾಗ ಮತ್ತು ಕಾಳು ಹಾಲು ತುಂಬುವಾಗಿನ ನೀರು ಅದರ ನಂತರದ ಮಹತ್ವದ್ದು.

ಇನ್ನು ಪೈರಿಗೆ ಸಾರಜನಕ ಒದಗಿಸುವ ಯೂರಿಯಾದ ಮಾತು. ಎಲೆಯಲ್ಲಿರುವ ಸಾರಜನಕದ ಸುಮಾರು ಕಾಲುಭಾಗ ಆ ರುಬಿಸ್ಕೋ ಕಿಣ್ವವೊಂದರಲ್ಲಿಯೇ ಇರುವುದರಿಂದ ಸಾರಜನಕದ ಕೊರತೆಯುಳ್ಳ ಪೈರು ಬಿಸಿಲಿದ್ದೂ ಸೊರಗುತ್ತದೆ ಎಂಬುದು ನಿಜ. ಆದರೆ ಎಲೆಗಳು ಆಗಲೇ ನೆಲವನ್ನು ಪೂರ್ತಿ ಮುಚ್ಚಿದ್ದರೆ ಹೆಚ್ಚುವರಿ ಯೂರಿಯಾದಿಂದ ಕೆಳಗಿನ ಎಲೆಗಳಿಗೆ ನೆರಳಾಗುತ್ತದೆ, ಪೈರು ಒರಗುತ್ತದೆ. ಮಳೆಯಾಶ್ರಯದ ಎರೆ ನೆಲದಲ್ಲಿ ಇದರ ಅಪಾಯ ಇನ್ನೂ ದೊಡ್ಡದು: ಮೊದಲಿಗೇ ಸೊಂಪಾಗಿ ಬೆಳೆದ ಎಲೆಗಳು ಮಣ್ಣಿನಲ್ಲಿ ಉಳಿದಿದ್ದ ತೇವವನ್ನೆಲ್ಲ ಹೀರಿಬಿಡುವುದರಿಂದ ಕಾಳು ತುಂಬುವ ವೇಳೆಗೆ ನೀರೇ ಇರದೆ, ಹುಲ್ಲು ಹೇರಳವಾಗಿ ಬಂದರೂ ಕಾಳು ಜೊಳ್ಳಾಗುತ್ತದೆ.

ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರದ ಪ್ರಮಾಣ ನಿರ್ಧರಿಸಿ. ನೀರಾವರಿಯಲ್ಲಿ ಅರ್ಧ ಸಾರಜನಕವನ್ನು ಬಿತ್ತುವಾಗ, ಉಳಿದರ್ಧವನ್ನು ಮೊದಲ ನೀರಿನ ಹೊತ್ತಿಗೆ ಕೊಡಿ. ಒಣ ಹೊಲದಲ್ಲಿ ಬಿತ್ತುವಾಗಲೇ ಮಿತವಾಗಿ ಕೊಟ್ಟು ಮುಗಿಸಿ. ಯೂರಿಯಾಕ್ಕಿಂತ ಮುಖ್ಯವಾದುದು ಬಿತ್ತನೆಯ ಕಾಲ. ಫೆಬ್ರುವರಿಯ ಬಿಸಿ ಏರುವ ಮುನ್ನ ಕಾಳು ಬಹುಪಾಲು ತುಂಬುವಂತೆ ನೀರಾವರಿ ಗೋಧಿಯನ್ನು ನವೆಂಬರ್ ಮೊದಲ ಪಕ್ಷದೊಳಗೆ, ಮಳೆಯಾಶ್ರಯದ್ದನ್ನು ಅದಕ್ಕೂ ಮೊದಲು, ಹದ ಆರುವ ಮುನ್ನ ಬಿತ್ತಿರಿ.