ದುಡ್ಡು ಕೊಟ್ಟು ಕೊಂಡ ಫ್ಲ್ಯಾಟಿನಲ್ಲಿ ನಾಯಿ ಸಾಕಬಾರದು ಅಂತಾರೆ, ಕೇಳಲೇಬೇಕಾ?

ಆರು ತಿಂಗಳ ಹಿಂದೆ ಫ್ಲ್ಯಾಟ್ ಕೊಂಡಿದ್ದೀರಿ. ಈಗ ಅಸೋಸಿಯೇಷನ್‌ನಿಂದ ನೋಟಿಸ್ ಬಂದಿದೆ: ನಾಯಿ ಸಾಕಬಾರದು, ಬಾಲ್ಕನಿಗೆ ಗ್ರಿಲ್ ಹಾಕಿಸಬಾರದು, ಮೀರಿದರೆ ದಂಡ. "ನಾನು ಯಾವುದಕ್ಕೂ ಸಹಿ ಹಾಕಿಲ್ಲ, ಮನೆ ನನ್ನದು, ಯಾಕೆ ಕೇಳಬೇಕು?" ಇದು ನಿಮ್ಮ ಪ್ರಶ್ನೆ.

ನಾನು ಎರಡು ವರ್ಷ ನಮ್ಮ ಅಸೋಸಿಯೇಷನ್‌ಗೆ ಕಾರ್ಯದರ್ಶಿಯಾಗಿದ್ದೆ. ಅದಕ್ಕೂ ಮೊದಲು ಇಂಥದ್ದೇ ನೋಟಿಸ್ ನನಗೂ ಬಂದಿತ್ತು. ಹಾಗಾಗಿ ಎರಡೂ ಕಡೆಯ ಸಂಕಟ ಗೊತ್ತು.

ಮೊದಲು ಬೇಸರದ ಸುದ್ದಿ. "ನಾನು ಸಹಿ ಹಾಕಿಲ್ಲ" ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಈ ಜಗಳ ಬಹಳ ಹಳೆಯದು. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನ ನಡುವೆ ಒಂದು ತೋಟವಿತ್ತು. 1808ರಲ್ಲಿ ಅದನ್ನು ಮಾರಿದ ಟಲ್ಕ್ ಎಂಬವನು, ಇದು ತೋಟವಾಗಿಯೇ ಇರಬೇಕು, ಕಟ್ಟಡ ಏಳಬಾರದು ಎಂದು ಪತ್ರದಲ್ಲೇ ಬರೆಸಿದ. ಕೈ ಬದಲಾಗುತ್ತಾ ಹೋಗಿ ಜಾಗ ಮಾಕ್ಸೇ ಎಂಬವನಿಗೆ ಬಂತು. ಅವನ ಕ್ರಯಪತ್ರದಲ್ಲಿ ಆ ಷರತ್ತು ಇರಲಿಲ್ಲ. ಆದರೆ ಷರತ್ತಿನ ಸಂಗತಿ ಅವನಿಗೆ ಗೊತ್ತಿತ್ತು. ಆದರೂ ಕಟ್ಟಲು ಹೊರಟ. 1848ರಲ್ಲಿ ಕೋರ್ಟು ತಡೆಯಿತು. ತಿಳಿದೂ ತಿಳಿದೂ ಕೊಂಡ ಮೇಲೆ ಷರತ್ತೂ ಜಾಗದ ಜೊತೆಗೇ ಬಂತು ಅಂತ ಲೆಕ್ಕ. ಫ್ಲ್ಯಾಟಿನ ಕಥೆಯೂ ಹೆಚ್ಚುಕಡಿಮೆ ಇದೇ. ರಿಜಿಸ್ಟರ್ ಆದ ಪತ್ರದಲ್ಲಿ ನಿಯಮ ಇದ್ದರೆ, ನೀವು ಓದಿರಲಿ ಬಿಡಲಿ, ನಿಮಗೆ ಗೊತ್ತಿತ್ತು ಅಂತಲೇ ಹಿಡಿಯುತ್ತಾರೆ.

ಹಾಗಂತ ನೋಟಿಸ್‌ನಲ್ಲಿ ಬರೆದದ್ದೆಲ್ಲ ನಿಯಮವೂ ಅಲ್ಲ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಕಾಗದದಲ್ಲಿದೆ? ಎಲ್ಲಕ್ಕಿಂತ ಮೇಲೆ ಕಾನೂನು. ಅದರ ಕೆಳಗೆ ಡಿಕ್ಲರೇಷನ್ ಪತ್ರ, ಅಂದರೆ ಕಟ್ಟಡದಲ್ಲಿ ಯಾವುದು ಯಾರದು, ಷರತ್ತು ಏನು ಎಂದು ಬರೆದು ರಿಜಿಸ್ಟರ್ ಮಾಡಿಸಿದ ಕಾಗದ. ಅದರ ಕೆಳಗೆ ಬೈಲಾ, ಅಂದರೆ ಅಸೋಸಿಯೇಷನ್ ನಡೆಸುವ ನಿಯಮಗಳು. ಕಟ್ಟಕಡೆಗೆ ಸಮಿತಿಯವರು ಆಗಾಗ ಹೊರಡಿಸುವ ಸೂಚನೆಗಳು. ಕೆಳಗಿನದು ಮೇಲಿನದಕ್ಕೆ ವಿರುದ್ಧ ಹೋಗುವಂತಿಲ್ಲ. ಲಿಫ್ಟ್ ಪಕ್ಕ ಅಂಟಿಸಿದ ಚೀಟಿಗೆ ಬೈಲಾದಷ್ಟು ತೂಕವಿಲ್ಲ. ಚೀಟಿ ಅಂಟಿಸಿದವರಿಗೇ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ!

ನಾಯಿಯ ವಿಷಯಕ್ಕೆ ಬರೋಣ. 1994ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮುಂದೆ ಮೂರು ಬೆಕ್ಕುಗಳ ಪ್ರಕರಣ ಬಂತು. ಬೆಕ್ಕುಗಳು ಮನೆಯಿಂದ ಹೊರಗೇ ಬರುವುದಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ಮಾಲಕಿ ವಾದಿಸಿದರು. ಆದರೂ ನಿಷೇಧ ನಿಂತಿತು. ಏಕೆಂದರೆ ಅದು ರಿಜಿಸ್ಟರ್ ಆದ ಡಿಕ್ಲರೇಷನ್‌ನಲ್ಲೇ ಇತ್ತು. ಆಮೇಲೆ ಅಲ್ಲಿನ ಕಾನೂನೇ ಬದಲಾಯಿತು. 2001ರಿಂದ ಈಚಿನ ಪತ್ರಗಳು ಒಂದು ಸಾಕುಪ್ರಾಣಿಯನ್ನಾದರೂ ಬಿಡಲೇಬೇಕು. 2020ರಲ್ಲಿ ಸಿಡ್ನಿಯಲ್ಲಿ ಆದದ್ದು ಉಲ್ಟಾ. ಕಟ್ಟಡದ ಬೈಲಾ ಎಲ್ಲ ಪ್ರಾಣಿಗಳನ್ನೂ ನಿಷೇಧಿಸಿತ್ತು. ಯಾರಿಗೂ ತೊಂದರೆ ಕೊಡದ ಪ್ರಾಣಿಯನ್ನೂ ಹೀಗೆ ಸಾರಾಸಗಟಾಗಿ ತಡೆಯುವುದು ದಬ್ಬಾಳಿಕೆ ಎಂದು ಮೇಲ್ಮನವಿ ಕೋರ್ಟ್ ಅದನ್ನು ಹೊಡೆದುಹಾಕಿತು. ಅಲ್ಲಿನ ಕಾನೂನು ದಬ್ಬಾಳಿಕೆಯ ಬೈಲಾಗೆ ಜಾಗ ಕೊಡುವುದಿಲ್ಲ. ಅಂದರೆ ನಿಮ್ಮ ನಾಯಿಯ ಹಣೆಬರಹ ನಿಮ್ಮ ಪತ್ರದಲ್ಲಿ, ಅದರ ಮೇಲಿನ ಕಾನೂನಿನಲ್ಲಿ ಇದೆ. ನಿಮ್ಮಲ್ಲಿ ಕಾನೂನು ಏನನ್ನುತ್ತದೆ ಎಂದು ನಿಮ್ಮೂರಿನ ವಕೀಲರನ್ನು ಒಮ್ಮೆ ಕೇಳಿ.

ಗ್ರಿಲ್ ಬೇರೆ ಮಾತು. ಅಲ್ಲಿ ನಾನು ಅಸೋಸಿಯೇಷನ್ ಕಡೆ. ಬಾಲ್ಕನಿಯಲ್ಲಿ ನಿಲ್ಲುವವರು ನೀವೇ, ಆದರೆ ಕಟ್ಟಡದ ಹೊರಮೈ ಸಾಮಾನ್ಯವಾಗಿ ಎಲ್ಲರ ಸೊತ್ತು. ಅದಕ್ಕೆ ಮೊಳೆ ಹೊಡೆದರೆ ನೀರು ಇಳಿಯುವುದು ಕೆಳಗಿನ ಮನೆಗೆ, ಅಲ್ವಾ? ನನಗೆ ಬಂದ ನೋಟಿಸ್ ಚಪ್ಪಲಿ ಸ್ಟ್ಯಾಂಡಿನದು. ನನ್ನ ಬಾಗಿಲ ಮುಂದೆ ಇಟ್ಟಿದ್ದೇನೆ, ಯಾರಿಗೇನು ಅಂತ ಹಾರಾಡಿದ್ದೆ. ಕಾರಿಡಾರ್ ನನ್ನದಲ್ಲ, ಬೆಂಕಿ ಬಿದ್ದರೆ ಎಲ್ಲರೂ ಓಡುವ ದಾರಿ ಅದು ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ಸುಮ್ನೆ ಒಳಗಿಟ್ಟುಕೊಂಡೆ.

ಕಾರ್ಯದರ್ಶಿಯಾದಾಗ ನಾನೇ ತಪ್ಪು ಮಾಡಿದೆ. ಏಳು ಗಂಟೆಯ ಮೇಲೆ ಮಕ್ಕಳು ಕೆಳಗೆ ಆಡಬಾರದು ಎಂದು ಸಮಿತಿಯ ಐದು ಜನ ಕೂತು ಬರೆದೆವು. ಎರಡು ಮನೆಗಳಿಂದ ದಂಡವನ್ನೂ ವಸೂಲಿ ಮಾಡಿದೆವು. ಒಬ್ಬರು ಅಜ್ಜಿ ಬಂದು, "ಯಾವ ಸಭೆಯಲ್ಲಿ ಪಾಸಾಯಿತಪ್ಪ ಇದು? ನಡಾವಳಿ ತೋರಿಸು" ಅಂದರು. ತೋರಿಸಲು ಏನೂ ಇರಲಿಲ್ಲ. ನಮ್ಮ ಬೈಲಾ ಪ್ರಕಾರ ದಂಡ ಹಾಕುವ ನಿಯಮ ಸರ್ವಸದಸ್ಯರ ಸಭೆಯಲ್ಲೇ ಆಗಬೇಕಿತ್ತು, ಅದೂ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಇದ್ದಾಗ. ತೆಪ್ಪಗೆ ದುಡ್ಡು ವಾಪಸ್ ಕೊಟ್ಟೆವು.

ನೀವೂ ಆ ಅಜ್ಜಿಯ ಪ್ರಶ್ನೆಯನ್ನೇ ಕೇಳಿ, ಆದರೆ ಬರಹದಲ್ಲಿ. ನಿಯಮ ಯಾವ ಕಲಮಿನಲ್ಲಿದೆ, ಯಾವ ದಿನ ಪಾಸಾಯಿತು, ದಂಡ ಹಾಕುವ ಅಧಿಕಾರ ಎಲ್ಲಿದೆ, ಪ್ರತಿ ಕೊಡಿ. ಈಗಾಗಲೇ ನಾಯಿ ಇರುವ ಬೇರೆ ಮನೆಗಳಿಗೂ ನೋಟಿಸ್ ಹೋಗಿದೆಯಾ ಅಂತಲೂ ಕೇಳಿ. ಒಬ್ಬರಿಗೊಂದು ನಿಯಮ ಮಾಡಿದ್ದರೆ ನಿಮ್ಮ ವಾದಕ್ಕೆ ಬಲ ಜಾಸ್ತಿ.

ಸಿಟ್ಟಿಗೆ ಮೈಂಟೆನೆನ್ಸ್ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ಬಾಕಿ ಇಟ್ಟುಕೊಂಡವರಿಗೆ ಮತ ಹಾಕಲು ಬಿಡದ ಬೈಲಾಗಳಿವೆ. ನಾಯಿಯ ಜಗಳ ಬಾಕಿಯ ಜಗಳವಾಗಿ ಬದಲಾದರೆ ನಿಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನು, ಪತ್ರಕ್ಕೆ ಉತ್ತರ ಬರುವವರೆಗೆ ಗ್ರಿಲ್‌ನವರಿಗೆ ಅಡ್ವಾನ್ಸ್ ಕೊಡಬೇಡಿ.